ಸವೆದಂತೆ ತೋರುವ ಅಚ್ಚಕ್ಷರಗಳು

ಅಚ್ಚುಮೊಳೆಗಳಲ್ಲಿ ಎರಡು ವರ್ಗಗಳುಂಟು. ಪುಸ್ತಕದ ಒಡಲನ್ನು ತುಂಬುವ ಸಣ್ಣ ಮೊಳೆಗಳು ಒಂದು. ಶಿರೋನಾಮೆ, ಮುಖಪುಟ, ಭಿತ್ತಿಪತ್ರಗಳಿಗೆಂದು ಮಾಡಿದ ದೊಡ್ಡ ಮೊಳೆಗಳು ಮತ್ತೊಂದು. ಈ ಎರಡನೆಯದರಲ್ಲಿ ಒಂದು ವಿಚಿತ್ರವಾದ ಜಾತಿಯಿರುವುದು. ಅದರ ಅಂಚುಗಳು ಹುಟ್ಟುವಾಗಲೇ ಮುಕ್ಕಾಗಿರುವುವು. ಬಹುಕಾಲ ಸವೆದ ಮೊಳೆಯಿಂದ ಒತ್ತಿದಂತೆ ಗೆರೆಗಳು ಅಲ್ಲಲ್ಲಿ ತಗ್ಗಿ ಉಬ್ಬಿ ತೋರುವುವು. ಹೊಸ ಪಾತ್ರೆಯನ್ನು ಬೇಕೆಂದೇ ನೆಗ್ಗಿಸಿ ಮಾರುವಂತಹ ಈ ಕೆಲಸವೇತಕ್ಕೆ ಎಂದು ವಾಚಕರು ಕೇಳಬಹುದು.

ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತವು ‘ಕ್ಯಾಸ್ಲನ್ ಆಂಟೀಕ್’ ಎಂಬ ಇಂಗ್ಲಿಷ್ ಅಕ್ಷರವಿನ್ಯಾಸ. ಬರ್ನ್ ನಡಾಲ್ ಎಂಬವರು ರಚಿಸಿದ ಇದನ್ನು 1890ರ ದಶಕದಲ್ಲಿ ಷಿಕಾಗೋ ನಗರದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಮೊಳೆ ಎರಕದ ಸಂಸ್ಥೆಯು ಹೊರತಂದಿತು. ಆಗ ಇದರ ಹೆಸರು ‘ಹದಿನೈದನೆಯ ಶತಮಾನ’ ಎಂಬರ್ಥದ್ದಾಗಿತ್ತು. ತರುವಾಯ ಲಂಡನ್ನಿನ ಪ್ರಖ್ಯಾತ ಅಕ್ಷರಶಿಲ್ಪಿ ವಿಲಿಯಂ ಕ್ಯಾಸ್ಲನ್ನರ (1692–1766) ಹೆಸರನ್ನು ಇದಕ್ಕೆ ಅಂಟಿಸಿದರು. ಅವರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಕ್ಯಾಸ್ಲನ್ನರು ಉಕ್ಕಿನಲ್ಲಿ ಕೆತ್ತಿದ ಅಕ್ಷರಗಳು ನಿಜಕ್ಕೂ ಅಚ್ಚುಕಟ್ಟಾದವು. 1776ರಲ್ಲಿ ಫಿಲಡೆಲ್ಫಿಯದ ಜಾನ್ ಡನ್‌ಲ್ಯಾಪರು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಮೊದಲು ಅಚ್ಚಿಸಿದ್ದು ಆ ಮೊಳೆಗಳಿಂದಲೇ. ಆ ಕಾಲದ ಹಾಳೆಗಳಲ್ಲಿ ಕಾಣುವ ಒರಟುತನವು ಮುದ್ರಣದ್ದು, ಅಕ್ಷರದ್ದಲ್ಲ. ಕೈಯಲ್ಲಿ ತಯಾರಿಸಿದ ಉರುಟು ಕಾಗದವನ್ನು ಒದ್ದೆಮಾಡಿ ಮರದ ಯಂತ್ರದಲ್ಲಿ ಬಲವಾಗಿ ಒತ್ತುತ್ತಿದ್ದರು. ಮಸಿಯು ಅಂಚಿನಿಂದಾಚೆಗೆ ಹಿಂಡಿಕೊಂಡು ಹರಡುತ್ತಿತ್ತು. ಸೀಸಬೆರೆತ ಲೋಹವು ಮೆತುವಾದುದರಿಂದ ಮೊಳೆಗಳ ಮೂಲೆಗಳು ಬೇಗನೆ ಸವೆಯುತ್ತಿದ್ದುವು. ಒಳ್ಳೆಯ ಮುದ್ರಕನು ನಾಚಿಕೊಳ್ಳುತ್ತಿದ್ದ ದೋಷವನ್ನೇ ಷಿಕಾಗೋದವರು ಅಂದವೆಂದು ಎರಕ ಹೊಯ್ದರು!

ಆದರೂ ಈ ನಟನೆಯನ್ನು ಪತ್ತೆಹಚ್ಚುವುದು ಕಷ್ಟವಲ್ಲ. ನಿಜವಾದ ಸವೆತವು ಎರಡು ಮೊಳೆಗಳಲ್ಲಿ ಒಂದೇ ರೀತಿ ಇರುವುದಿಲ್ಲ. ಇಲ್ಲಿಯಾದರೋ ಒಂದೇ ಅಕ್ಷರವು ಎಷ್ಟು ಸಲ ಬಂದರೂ ಅದೇ ಜಾಗದಲ್ಲಿ ಅದೇ ಮುಕ್ಕು. ಇಂದಿನ ಗಣಕಯಂತ್ರದ ಕೆಲವು ಒರಟು ವಿನ್ಯಾಸಗಳಲ್ಲಿ ಒಂದೊಂದು ಅಕ್ಷರಕ್ಕೂ ಎರಡು ಮೂರು ರೂಪಗಳನ್ನು ಕೊಟ್ಟು ಈ ಗುಟ್ಟನ್ನು ಮರೆಮಾಡಿರುತ್ತಾರೆ.

1985ರಲ್ಲಿ ಲಂಡನ್ನಿನ ರಂಗಕ್ಕೆ ಬಂದ ‘ಲೇ ಮಿಸೆರಾಬ್ಲ್’ ಗೀತನಾಟಕದ ಹೆಸರನ್ನು ಇದೇ ಅಕ್ಷರಗಳಲ್ಲಿ ಬರೆದಿರುವರು. ಹಳೆಯ ಫ್ರಾನ್ಸಿನ ಬಡವರ ಕಥೆಗೆ ಅದು ಒಪ್ಪುತ್ತದೆ. ನಾಟಕವು ವೇಷವೆಂದು ಎಲ್ಲರೂ ಬಲ್ಲರು. ನಿನ್ನೆ ತಯಾರಾದ ಔಷಧದ ಸೀಸೆಯ ಮೇಲೆ ಇದನ್ನೇ ಅಚ್ಚಿಸಿ ಪುರಾತನವೆಂಬ ಭ್ರಮೆ ಹುಟ್ಟಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಕನ್ನಡ ಲಿಪಿಯಲ್ಲಿ ಇಂತಹ ಅಕ್ಷರಗಳನ್ನು ಬಳಸುವಾಗ ಇನ್ನಷ್ಟು ಎಚ್ಚರಿಕೆ ಬೇಕು. ನಮ್ಮ ಒತ್ತಕ್ಷರಗಳು ಮೊದಲೇ ಚಿಕ್ಕವು. ಅಂಚು ಚೂರಾದರೆ ಅವೇ ಮೊದಲು ಅಳಿಯುವುವು. ಮಹಾಪ್ರಾಣವನ್ನು ಸೂಚಿಸುವ ಪುಟ್ಟ ಗೀಟು ಮುರಿದುಹೋದರೆ ‘ಧನ’ವು ‘ದನ’ವಾಗಿ ಓದುಗರ ಮನೆಯಂಗಳಕ್ಕೆ ಬಂದು ನಿಲ್ಲುವುದು. ಆದುದರಿಂದ ಆಮಂತ್ರಣವನ್ನೋ ನಾಟಕದ ಪ್ರಕಟಣೆಯನ್ನೋ ಅಚ್ಚು ಹಾಕಿಸುವವರು ಒರಟು ಅಕ್ಷರವನ್ನು ಮೇಲಿನ ಎರಡು ಮೂರು ಪದಗಳಿಗೆ ಮಾತ್ರ, ಸಾಕಷ್ಟು ದೊಡ್ಡದಾಗಿ, ಸುತ್ತಲೂ ಬಿಳಿ ಜಾಗವನ್ನು ಬಿಟ್ಟು ಬಳಸತಕ್ಕದ್ದು. ದಿನ, ವೇಳೆ, ಸ್ಥಳಗಳನ್ನು ಮುಪ್ಪಿನವರ ಕಣ್ಣಿಗೂ ನಿಲುಕುವ ಸಾದಾ ಅಕ್ಷರಗಳಲ್ಲಿ ಅಚ್ಚಿಸತಕ್ಕದ್ದು.