ನಿಜವಾಗಿದ್ದರೂ ತಪ್ಪು ಉತ್ತರ: ಕ್ಲಾಟ್ ತಾರ್ಕಿಕ ಪ್ರಶ್ನೆಗಳ ಒಳಗುಟ್ಟು

ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ ಸೇರಿದಂತೆ ದೇಶದ ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ‘ಕ್ಲಾಟ್’ ಪರೀಕ್ಷೆಯೇ ಹೆಬ್ಬಾಗಿಲು. 2008ರಲ್ಲಿ ಆರಂಭವಾದ ಈ ಪರೀಕ್ಷೆ 2020ರಲ್ಲಿ ಸ್ವರೂಪ ಬದಲಿಸಿ, ಗದ್ಯಭಾಗಗಳನ್ನು ಓದಿ ಉತ್ತರಿಸುವ ಕ್ರಮಕ್ಕೆ ಹೊರಳಿತು. ಈಗ 120 ಪ್ರಶ್ನೆಗಳಿಗೆ 120 ನಿಮಿಷಗಳ ಕಾಲಾವಕಾಶ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರಶ್ನೆಪತ್ರಿಕೆಯ ಸುಮಾರು ಐದನೆಯ ಒಂದು ಪಾಲು ತಾರ್ಕಿಕ ವಿಭಾಗಕ್ಕೆ ಮೀಸಲು.

ಹೆಚ್ಚು ಓದಿಕೊಂಡವರೇ ಈ ವಿಭಾಗದಲ್ಲಿ ಮುಗ್ಗರಿಸುವುದುಂಟು. ‘ಮೇಲಿನ ಭಾಗದಿಂದ ಯಾವ ತೀರ್ಮಾನಕ್ಕೆ ಬರಬಹುದು?’ ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳಿರುತ್ತವೆ. ಅವುಗಳಲ್ಲಿ ಒಂದೆರಡು ಲೋಕಜ್ಞಾನದ ದೃಷ್ಟಿಯಿಂದ ಸಂಪೂರ್ಣ ಸತ್ಯವೇ ಆಗಿರಬಹುದು. ಆದರೆ ಕೇಳಿರುವುದು ಸತ್ಯ ಯಾವುದು ಎಂದಲ್ಲ, ಕೊಟ್ಟ ಮಾತುಗಳಿಂದ ಹೊರಡುವುದು ಯಾವುದು ಎಂದು. ಗದ್ಯಭಾಗದಲ್ಲಿ ಇಲ್ಲದ ಸಂಗತಿಯನ್ನು ಓದುಗನ ತಿಳಿವಳಿಕೆ ಸದ್ದಿಲ್ಲದೆ ಸೇರಿಸಿಬಿಡುತ್ತದೆ. ಪ್ರಶ್ನೆ ರೂಪಿಸುವವರು ಬಲೆ ಬೀಸುವುದು ಅಲ್ಲಿಯೇ.

ಮಳೆಯೂ ಪಂದ್ಯವೂ

‘ಮಳೆ ಬಂದರೆ ಪಂದ್ಯ ನಡೆಯುವುದಿಲ್ಲ’ ಎಂಬ ಸರಳ ವಾಕ್ಯವನ್ನೇ ತೆಗೆದುಕೊಳ್ಳಬಹುದು. ಇದರಿಂದ ಖಚಿತವಾಗಿ ಹೊರಡುವ ತೀರ್ಮಾನ ಒಂದೇ: ಪಂದ್ಯ ನಡೆದಿದ್ದರೆ ಮಳೆ ಬಂದಿಲ್ಲ. ‘ಮಳೆ ಬಾರದಿದ್ದರೆ ಪಂದ್ಯ ನಡೆಯುತ್ತದೆ’ ಎಂಬುದು ಹೊರಡುವುದಿಲ್ಲ. ಎದುರಾಳಿ ತಂಡವೇ ಬಾರದಿರಬಹುದು. ‘ಪಂದ್ಯ ನಡೆಯಲಿಲ್ಲ, ಆದ್ದರಿಂದ ಮಳೆ ಬಂದಿದೆ’ ಎನ್ನುವುದೂ ಇದೇ ಕಾರಣಕ್ಕೆ ನಿಲ್ಲುವುದಿಲ್ಲ. ನಿತ್ಯದ ಮಾತುಕತೆಯಲ್ಲಿ ಈ ಮೂರನ್ನೂ ಒಂದೇ ಎಂಬಂತೆ ಬಳಸುವ ರೂಢಿ ಇದೆ. ಕೇಳುವವರಿಗೆ ಹೇಳುವವರ ಮನಸ್ಸು ತಿಳಿದಿರುವುದರಿಂದ ಅಲ್ಲಿ ತೊಡಕಾಗದು. ಪರೀಕ್ಷೆಯಲ್ಲಿ ಅಂಥ ರಿಯಾಯಿತಿ ಇಲ್ಲ.

ಭಾರತೀಯ ನ್ಯಾಯಶಾಸ್ತ್ರಕ್ಕೆ ಈ ಎಡವಟ್ಟು ಹೊಸದೇನಲ್ಲ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಬಹುದು, ಬೆಂಕಿ ಕಂಡಲ್ಲಿ ಹೊಗೆಯನ್ನು ಊಹಿಸಲಾಗದು ಎನ್ನಲು ನೈಯಾಯಿಕರು ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಉದಾಹರಿಸುತ್ತಿದ್ದರು. ಬೆಂಕಿ ಹೊಗೆಯಾಡಲು ಹಸಿ ಸೌದೆ ಬೇಕು. ಆ ಸೌದೆಯನ್ನು ಮರೆತು ತೀರ್ಮಾನಕ್ಕೆ ಹಾರಿದವನು ದೋಷಕ್ಕೆ ಗುರಿಯಾಗುತ್ತಾನೆ. ಇಂದಿನ ತರಬೇತಿ ಕೈಪಿಡಿಗಳಲ್ಲಿ ಇಷ್ಟು ಸ್ವಚ್ಛವಾದ ಉದಾಹರಣೆ ಸಿಗುವುದು ಅಪರೂಪ.

ಇನ್ನು ‘ಮಾತ್ರ’ ಎಂಬ ಪುಟ್ಟ ಪದ. ‘ಅರ್ಜಿ ಸಲ್ಲಿಸಿದರೆ ಸಾಲ ದೊರೆಯುತ್ತದೆ’ ಎಂದರೆ ಅರ್ಜಿಯೊಂದೇ ಸಾಕು. ‘ಅರ್ಜಿ ಸಲ್ಲಿಸಿದರೆ ಮಾತ್ರ ಸಾಲ ದೊರೆಯುತ್ತದೆ’ ಎಂದರೆ ಅರ್ಜಿ ಬೇಕೇ ಬೇಕು, ಆದರೆ ಅದೊಂದೇ ಸಾಕೆಂಬ ಭರವಸೆ ಇಲ್ಲ. ಎರಡನೆಯದರಿಂದ ‘ಸಾಲ ಪಡೆದವರೆಲ್ಲರೂ ಅರ್ಜಿ ಸಲ್ಲಿಸಿದ್ದಾರೆ’ ಎನ್ನಬಹುದೇ ಹೊರತು, ‘ಅರ್ಜಿ ಸಲ್ಲಿಸಿದವರೆಲ್ಲರಿಗೂ ಸಾಲ ಸಿಕ್ಕಿದೆ’ ಎನ್ನಲಾಗದು. ಒಂದು ಪದ ತರ್ಕದ ದಿಕ್ಕನ್ನೇ ತಿರುಗಿಸುತ್ತದೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದಿಂದ ಬಂದವರು ‘ಓನ್ಲಿ ಇಫ್’, ‘ಅನ್‌ಲೆಸ್’ ಎಂಬ ಪ್ರಯೋಗಗಳನ್ನು ಮನಸ್ಸಿನಲ್ಲಿ ‘ಮಾತ್ರ’, ‘ಹೊರತು’ಗಳಿಗೆ ಹೊಂದಿಸಿಕೊಂಡು ಓದುವುದು ಒಳಿತು.

ಬಹುಪಾಲು, ಕೆಲವು

ಪ್ರಮಾಣ ಸೂಚಿಸುವ ಪದಗಳದು ಇನ್ನೊಂದು ತಕರಾರು. ಒಂದು ವಿದ್ಯಾರ್ಥಿನಿಲಯದ ಬಹುಪಾಲು ವಿದ್ಯಾರ್ಥಿಗಳು ಕಾಫಿ ಕುಡಿಯುತ್ತಾರೆ, ಬಹುಪಾಲು ವಿದ್ಯಾರ್ಥಿಗಳು ಚಹಾ ಕುಡಿಯುತ್ತಾರೆ ಎನ್ನೋಣ. ಎರಡೂ ಗುಂಪುಗಳು ಅರ್ಧಕ್ಕಿಂತ ಹೆಚ್ಚಿರುವುದರಿಂದ ಕನಿಷ್ಠ ಒಬ್ಬರಾದರೂ ಎರಡನ್ನೂ ಕುಡಿಯಲೇಬೇಕು. ಶೇ. 60 ಮತ್ತು ಶೇ. 70 ಎಂದು ಕೊಟ್ಟಿದ್ದರೆ ಕನಿಷ್ಠ ಶೇ. 30 ಮಂದಿ. ಆದರೆ ‘ಬಹುಪಾಲು ವಕೀಲರು ಪತ್ರಿಕೆ ಓದುತ್ತಾರೆ, ಪತ್ರಿಕೆ ಓದುವವರಲ್ಲಿ ಬಹುಪಾಲು ಮಂದಿ ನಗರವಾಸಿಗಳು’ ಎಂಬ ಎರಡು ಮಾತುಗಳಿಂದ ಒಬ್ಬ ವಕೀಲನಾದರೂ ನಗರವಾಸಿ ಎಂದು ಹೇಳಲಾಗದು. ಪತ್ರಿಕೆ ಓದುವವರ ದೊಡ್ಡ ಸಮೂಹದಲ್ಲಿ ವಕೀಲರು ಉಳಿದ ಸಣ್ಣ ಭಾಗದಲ್ಲೇ ಇರಬಹುದು. ಹೊರನೋಟಕ್ಕೆ ಒಂದೇ ಬಗೆಯಂತೆ ಕಾಣುವ ಈ ಎರಡು ಪ್ರಶ್ನೆಗಳು ಅಭ್ಯರ್ಥಿಗಳ ಅಂಕಗಳನ್ನು ಕಸಿಯುತ್ತವೆ. ‘ಎಲ್ಲ’, ‘ಎಂದಿಗೂ’, ‘ಏಕೈಕ ಕಾರಣ’ ಎಂಬಂಥ ಬಿರುಸಾದ ಆಯ್ಕೆಗಳಿಗಿಂತ ‘ಕೆಲವು’, ‘ಸಾಧ್ಯ’ ಎನ್ನುವ ಮೆದು ಆಯ್ಕೆಗಳು ಸರಿಯಾಗುವ ಸಂಭವ ಹೆಚ್ಚು. ಗದ್ಯಭಾಗವೇ ‘ಎಲ್ಲ’ ಎಂದಿದ್ದರೆ ಮಾತು ಬೇರೆ.

ವಾದವನ್ನು ಬಲಪಡಿಸುವ ಅಥವಾ ದುರ್ಬಲಗೊಳಿಸುವ ಆಯ್ಕೆಯನ್ನು ಕೇಳಿದಾಗ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಆಯ್ಕೆಗಳನ್ನೇ ಸತ್ಯವೆಂದು ಒಪ್ಪಿಕೊಂಡು ವಾದದ ಮೇಲಿನ ಪರಿಣಾಮವನ್ನು ತೂಗಬೇಕು. ಹೀಗಾಗಿ ಪ್ರಶ್ನೆಯನ್ನು ಮೊದಲು ಓದಿ ಗದ್ಯಕ್ಕೆ ಮರಳುವವರಿಗೆ ಗೊಂದಲ ಕಡಿಮೆ. ಅಮೆರಿಕದ ಎಲ್‌ಸ್ಯಾಟ್ ಪರೀಕ್ಷೆ 2024ರ ಆಗಸ್ಟ್‌ನಿಂದ ಒಗಟಿನಂಥ ‘ಲಾಜಿಕ್ ಗೇಮ್ಸ್’ ವಿಭಾಗವನ್ನು ಕೈಬಿಟ್ಟು, ಇಂಥ ವಾದ ಪರಿಶೀಲನೆಯ ಪ್ರಶ್ನೆಗಳಿಗೇ ಹೆಚ್ಚು ತೂಕ ನೀಡಿದೆ.

ಕೊನೆಗೆ ಊಹೆಯ ಲೆಕ್ಕ. ನಾಲ್ಕರಲ್ಲೊಂದು ಆಯ್ಕೆಯನ್ನು ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿ ಲಾಭ ಪ್ರಶ್ನೆಯೊಂದಕ್ಕೆ 0.06 ಅಂಕ ಮಾತ್ರ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿ ಉಳಿದೆರಡರಲ್ಲಿ ಒಂದನ್ನು ಹಿಡಿದರೆ ಅದು 0.375ಕ್ಕೆ ಏರುತ್ತದೆ. ಆದರೆ ಈ ಲೆಕ್ಕ ಚೀಟಿ ಎತ್ತಿದಂತೆ ಆರಿಸಿದಾಗಷ್ಟೇ ಸರಿ. ಮನಸ್ಸಿಗೆ ಹಿಡಿಸಿತೆಂದು ಆರಿಸಿದರೆ, ಹಿಡಿಸಲೆಂದೇ ಬರೆದಿಟ್ಟ ತಪ್ಪು ಆಯ್ಕೆಯತ್ತಲೇ ಕೈ ಹೋಗುವುದು ಹೆಚ್ಚು.