ಸಾಲಕ್ಕೆ ಸ್ಟೇಟ್‌ಮೆಂಟ್ ಕೇಳಿದ್ರೆ ಪಾಸ್‌ವರ್ಡ್ ಕೊಡಬೇಡಿ: ಏನಿದು ‘ಅಕೌಂಟ್ ಅಗ್ರಿಗೇಟರ್’?

ಅಂಗಡಿಗೆ ಸಾಲ ಬೇಕು ಅಂದ್ರೆ ಮೊದಲು ಕೇಳೋದೇ ಬ್ಯಾಂಕ್ ಸ್ಟೇಟ್‌ಮೆಂಟ್. ಆರು ತಿಂಗಳ ಪಿಡಿಎಫ್ ಅನ್ನು ಏಜೆಂಟ್‌ಗೆ ವಾಟ್ಸಾಪ್ ಮಾಡುವವರಿದ್ದಾರೆ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡನ್ನೇ ಕೊಟ್ಟುಬಿಡುವವರೂ ಇದ್ದಾರೆ. ಆ ಪಿಡಿಎಫ್ ಮುಂದೆ ಯಾರ್ಯಾರ ಕೈಗೆ ಹೋಗುತ್ತೆ ಅಂತ ಕೊಟ್ಟವರಿಗೆ ಗೊತ್ತಾಗಲ್ಲ. ಖಾತೆ ನಂಬರ್, ವಿಳಾಸ, ಯಾವ ಹೋಲ್‌ಸೇಲ್‌ನವರಿಗೆ ಎಷ್ಟು ಕಟ್ಟಿದ್ದೀರಿ, ಎಲ್ಲವೂ ಅದರಲ್ಲಿರುತ್ತೆ. ಇಷ್ಟು ಸಿಕ್ಕರೆ ‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ’ ಅಂತ ನಂಬಿಸೋದು ವಂಚಕರಿಗೆ ಕಷ್ಟವೇನಲ್ಲ.

ಇದಕ್ಕೆ ಇರುವ ಸುರಕ್ಷಿತ ದಾರಿಯೇ ಅಕೌಂಟ್ ಅಗ್ರಿಗೇಟರ್. ಬೇರೆ ದೇಶಗಳಲ್ಲಿ ‘ಓಪನ್ ಬ್ಯಾಂಕಿಂಗ್’ ಅನ್ನುವ ವ್ಯವಸ್ಥೆಗೆ ಹತ್ತಿರವಾದದ್ದು. ಆರ್‌ಬಿಐ ಇದಕ್ಕೆ 2016ರಲ್ಲಿ ನಿಯಮ ಮಾಡಿತು, 2021ರ ಸೆಪ್ಟೆಂಬರ್‌ನಲ್ಲಿ ಬಳಕೆಗೆ ಬಂತು.

ಹೇಗೆ ಕೆಲಸ ಮಾಡುತ್ತೆ?

ಸಾಲ ಕೊಡುವ ಸಂಸ್ಥೆ ನಿಮ್ಮ ಒಪ್ಪಿಗೆ ಕೇಳುತ್ತದೆ. ಯಾವ ಖಾತೆ, ಎಷ್ಟು ತಿಂಗಳ ಲೆಕ್ಕ, ಯಾವ ಕೆಲಸಕ್ಕೆ, ಎಷ್ಟು ದಿನದವರೆಗೆ ಎಂಬುದೆಲ್ಲ ಮೊಬೈಲ್‌ನಲ್ಲಿ ಕಾಣುತ್ತೆ. ಬ್ಯಾಂಕಿಗೆ ಕೊಟ್ಟಿರುವ ಮೊಬೈಲ್ ನಂಬರ್‌ಗೆ ಓಟಿಪಿ ಬರುತ್ತೆ. ಒಪ್ಪಿದರೆ ಲೆಕ್ಕ ನೇರ ಬ್ಯಾಂಕಿನಿಂದ ಸಾಲ ಕೊಡುವವರಿಗೆ ಹೋಗುತ್ತದೆ. ನಡುವೆ ಇರುವ ಅಗ್ರಿಗೇಟರ್ ಅದನ್ನು ಓದುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಬೇಡ ಅನ್ನಿಸಿದರೆ ಒಪ್ಪಿಗೆ ವಾಪಸ್ ಪಡೆಯಬಹುದು.

ಮೋಸಕ್ಕೆ ತಡೆ ಹೇಗೆ?

ಪಿಡಿಎಫ್ ಆದ್ರೆ ಕಂಪ್ಯೂಟರ್‌ನಲ್ಲಿ ತಿದ್ದಬಹುದು. ಸುಳ್ಳು ಸ್ಟೇಟ್‌ಮೆಂಟ್ ತೋರಿಸಿ ಸಾಲ ಎತ್ತುವುದು ಹೀಗೇ. ಇಲ್ಲಿ ಲೆಕ್ಕ ಬ್ಯಾಂಕಿನಿಂದಲೇ ಬರುವುದರಿಂದ ನಡುವೆ ಯಾರೂ ಕೈಯಾಡಿಸಲು ಆಗಲ್ಲ. ಪಾಸ್‌ವರ್ಡ್ ಕೊಡುವ ಪ್ರಸಂಗವೂ ಬರಲ್ಲ.

ಆದರೆ ನಕಲಿ ಕ್ಯೂಆರ್ ಕೋಡ್, ‘ಹಣ ಹಾಕಿದೀನಿ ನೋಡಿ’ ಅಂತ ತೋರಿಸುವ ಸುಳ್ಳು ಸ್ಕ್ರೀನ್‌ಶಾಟ್ ಇವನ್ನೆಲ್ಲ ಇದು ತಡೆಯಲ್ಲ. ಅದಕ್ಕೆ ಖಾತೆಗೆ ಹಣ ಬಂದಿದೆಯಾ ಅಂತ ನೋಡಿಯೇ ಸಾಮಾನು ಕೊಡಬೇಕು.

ಇವು ನೆನಪಿರಲಿ

* ಅಗ್ರಿಗೇಟರ್ ಲೆಕ್ಕ ಮಾತ್ರ ತಲುಪಿಸುತ್ತೆ, ಹಣ ಕಳಿಸಲು ಆಗಲ್ಲ. ಸ್ಟೇಟ್‌ಮೆಂಟ್ ತೋರಿಸೋಕೆ ಯುಪಿಐ ಪಿನ್ ಬೇಕಿಲ್ಲ. ಕೇಳಿದರೆ ಮೋಸ ಅಂತಲೇ ತಿಳಿಯಿರಿ.
* ಫೋನ್ ಮಾಡಿ ಓಟಿಪಿ ಕೇಳಿದರೆ ಹೇಳಬೇಡಿ. ಒಪ್ಪಿಗೆಯನ್ನು ನೀವೇ ಓದಿ, ನೀವೇ ಒತ್ತಬೇಕು.
* ಲೈಸೆನ್ಸ್ ಇರುವ ಅಗ್ರಿಗೇಟರ್‌ಗಳ ಪಟ್ಟಿ ಆರ್‌ಬಿಐ ವೆಬ್‌ಸೈಟ್‌ನಲ್ಲಿದೆ.
* ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಲಿಸ್ಟ್, ಫೋಟೊ ಕೇಳುವಂತಿಲ್ಲ. ಇದು ಆರ್‌ಬಿಐ ನಿಯಮ.
* ಎಲ್ಲ ಸಹಕಾರಿ ಬ್ಯಾಂಕ್‌ಗಳೂ ಈ ವ್ಯವಸ್ಥೆಗೆ ಸೇರಿಲ್ಲ. ಖಾತೆ ಅಂಥ ಕಡೆ ಇದ್ದರೆ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ ಸಾಲ ಕೊಡುವ ಶಾಖೆಗೇ ಒಯ್ದು ಕೊಡುವುದು ಒಳ್ಳೆಯದು.

ಹಣ ಹೋಗಿದೆ ಅಂತ ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡ ಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗಿರುತ್ತದೆ.