ಪ್ರವಾಸಕ್ಕೆ ಒಂದು ಹಗ್ಗ: ಬೆಂಗಳೂರಿನಲ್ಲಿ ಒಂದು ದಿನ, ಎರಡು ಸ್ಥಳ

ಪ್ರೌಢಶಾಲೆಗಳ ಒಂದು ದಿನದ ಬೆಂಗಳೂರು ಪ್ರವಾಸದ ಪಟ್ಟಿಯಲ್ಲಿ ಸಾಮಾನ್ಯವಾಗಿ ಆರೇಳು ಸ್ಥಳಗಳಿರುತ್ತವೆ. ಲಾಲ್‌ಬಾಗ್, ವಿಧಾನಸೌಧ, ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ಮ್ಯೂಸಿಯಂ, ತಾರಾಲಯ, ಬನ್ನೇರುಘಟ್ಟ, ಸಂಜೆಗೆ ಒಂದು ದೇವಸ್ಥಾನ. ಪಟ್ಟಿ ಉದ್ದವಾದಷ್ಟೂ ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬ ಭಾವನೆ. ಆದರೆ ಬಸ್ಸಿಗೆ ಹತ್ತಿಸುವುದು, ಇಳಿಸುವುದು, ತಲೆ ಎಣಿಸುವುದು, ಟಿಕೆಟ್ಟಿನ ಸಾಲು, ಟ್ರಾಫಿಕ್ಕು ಇವೆಲ್ಲವನ್ನೂ ಕಳೆದರೆ ಒಂದು ಸ್ಥಳಕ್ಕೆ ಉಳಿಯುವುದು ಎಷ್ಟು ನಿಮಿಷ?

ನನ್ನ ಮಟ್ಟಿಗೆ ಇದು ಬರೀ ವೇಳಾಪಟ್ಟಿಯ ಪ್ರಶ್ನೆಯಲ್ಲ. ನಾನು ಅಭ್ಯಾಸ ಬೋಧನೆ ಮಾಡುತ್ತಿರುವ ಶಾಲೆಯ 9ನೇ ತರಗತಿಯಲ್ಲಿ 38 ಮಕ್ಕಳಿದ್ದಾರೆ. ಡಿಸೆಂಬರಿನ ಪ್ರವಾಸಕ್ಕೆ ಹೆಸರು ಕೊಟ್ಟವರು 26. ಉಳಿದ 12 ಮಕ್ಕಳಿಗೆ ಆಸೆಯಿಲ್ಲದೆ ಇಲ್ಲ, ಮನೆಯಲ್ಲಿ ಹಣವಿಲ್ಲ. ಅವರಲ್ಲಿ ಒಬ್ಬಳು, "ಮಿಸ್, ಹೋಗಿ ಬಂದಮೇಲೆ ನಮಗೂ ಹೇಳ್ತೀರಲ್ವಾ?" ಎಂದು ಕೇಳಿದ್ದಳು. ದಸರಾ ರಜೆಯಲ್ಲಿ ಅಕ್ಕನ ಇಬ್ಬರು ಮಕ್ಕಳೊಂದಿಗೆ ಬೆಂಗಳೂರು ನೋಡಲು ಹೊರಟಾಗ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟುಕೊಂಡೆ. ಒಂದು ದಿನಕ್ಕೆ ಎಷ್ಟು ಸ್ಥಳ ಸಾಕು? ನೋಡಿದ್ದರಲ್ಲಿ ಯಾವುದನ್ನು ಶಾಲೆಯ ಮೈದಾನಕ್ಕೆ ತರಬಹುದು? ಚೀಲದಲ್ಲಿ 30 ಮೀಟರ್ ನೈಲಾನ್ ಹಗ್ಗ, ಅಳತೆಪಟ್ಟಿ ಮತ್ತು ಒಂದು ನೋಟ್‌ಬುಕ್ ಇದ್ದವು.

ಮೊದಲ ಸ್ಥಳ: ಲಾಲ್‌ಬಾಗಿನ ಬಂಡೆ

ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್ ತಲುಪಿದೆವು. ಹೆಚ್ಚಿನವರು ನೇರವಾಗಿ ಹೋಗುವುದು 1889ರ ಗಾಜಿನ ಮನೆಗೆ. ನಾವು ಮೊದಲು ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಹತ್ತಿದೆವು. ಆರನೇ ತರಗತಿಯ ಹುಡುಗ, "ಇದು ಬರೀ ಬಂಡೆ ಅಲ್ವಾ?" ಎಂದ. ಪಾಠ ಶುರುವಾಗಬೇಕಾದದ್ದು ಆ ಮಾತಿನಿಂದಲೇ.

ಈ ಬಂಡೆ ಪೆನಿನ್ಸುಲಾರ್ ನೈಸ್ ಎಂಬ ರೂಪಾಂತರ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಮೊದಲೇ ಇದ್ದ ಶಿಲೆ ಭೂಮಿಯ ಆಳದಲ್ಲಿ ಅಧಿಕ ಶಾಖ ಮತ್ತು ಒತ್ತಡಕ್ಕೆ ಸಿಕ್ಕಾಗ ಅದರ ಖನಿಜಗಳು ಪಟ್ಟಿಪಟ್ಟಿಯಾಗಿ ಜೋಡಣೆಗೊಳ್ಳುತ್ತವೆ. ತಿಳಿ ಬಣ್ಣದ ಪಟ್ಟಿಯಲ್ಲಿ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಪಟ್ಟಿಯಲ್ಲಿ ಹೆಚ್ಚಾಗಿ ಬಯೋಟೈಟ್ ಅಭ್ರಕ. ಮಕ್ಕಳಿಗೆ ನಾನು ಇದನ್ನು ಮೊದಲೇ ಹೇಳಲಿಲ್ಲ. "ಕಪ್ಪು ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಬೆರಳಿಟ್ಟು ಹಿಂಬಾಲಿಸಿ" ಎಂದೆ. ಹತ್ತು ನಿಮಿಷದಲ್ಲಿ ಅವರೇ ಬಾಗಿದ ಗೆರೆ, ಕವಲೊಡೆದ ಗೆರೆ ಹುಡುಕಿದರು. "ಕಲ್ಲು ಹೇಗೆ ಬಾಗುತ್ತೆ?" ಎಂಬ ಪ್ರಶ್ನೆ ಅವರಿಂದಲೇ ಬಂತು.

ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಈ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದರೆ ಮಕ್ಕಳು ಸೊನ್ನೆಗಳನ್ನು ನಕಲು ಮಾಡಿಕೊಳ್ಳುತ್ತಾರೆ, ಅಷ್ಟೆ. ಹಗ್ಗ ಕೆಲಸಕ್ಕೆ ಬರುವುದು ಇಲ್ಲಿ. 30 ಮೀಟರ್ ಎಂದರೆ 300 ಕೋಟಿ ವರ್ಷ ಎಂದುಕೊಂಡರೆ 1 ಮೀಟರ್‌ಗೆ 10 ಕೋಟಿ ವರ್ಷ, 1 ಸೆಂಟಿಮೀಟರ್‌ಗೆ 10 ಲಕ್ಷ, 1 ಮಿಲಿಮೀಟರ್‌ಗೆ 1 ಲಕ್ಷ. ಹಗ್ಗದ ಒಂದು ತುದಿಯಲ್ಲಿ ಬಂಡೆ ಹುಟ್ಟಿತು, ಇನ್ನೊಂದು ತುದಿ ಇವತ್ತು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ, ಅಂದರೆ ಇವತ್ತಿನ ತುದಿಯಿಂದ ಕೇವಲ 66 ಸೆಂಟಿಮೀಟರ್. ಹಿಮಾಲಯ ಏಳಲು ಕಾರಣವಾದ ಭೂಖಂಡಗಳ ಡಿಕ್ಕಿ ಸುಮಾರು 50 ಸೆಂಟಿಮೀಟರ್ ದೂರದಲ್ಲಿ. ನಮ್ಮ ಮಾನವ ಪ್ರಭೇದದ ವಯಸ್ಸು ಸುಮಾರು 3 ಲಕ್ಷ ವರ್ಷ, 3 ಮಿಲಿಮೀಟರ್. ಕೆಂಪೇಗೌಡರು 1537ರಲ್ಲಿ ಕಟ್ಟಿದ ಬೆಂಗಳೂರಿಗೆ ಈ ಹಗ್ಗದಲ್ಲಿ ಸಿಗುವ ಜಾಗ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಹುಡುಗ ಹಗ್ಗದ ತುದಿಯನ್ನು ಹಿಡಿದು ನೋಡಿ, ಸುತ್ತ ಕಾಣುತ್ತಿದ್ದ ಕಟ್ಟಡಗಳನ್ನು ನೋಡಿ ಸುಮ್ಮನಾದ. ಈ ಬಂಡೆಗೆ ನಮಗೆ ಹಿಡಿದ ಸಮಯ ಒಂದೂಕಾಲು ಗಂಟೆ. ಪಟ್ಟಿ ಪ್ರಕಾರ ನಡೆದಿದ್ದರೆ ಅಷ್ಟರಲ್ಲಿ ನಾವು ಎರಡನೇ ಸ್ಥಳದ ಬಾಗಿಲಲ್ಲಿರಬೇಕಿತ್ತು.

ಎರಡನೇ ಸ್ಥಳ: ರೈಟ್ ಸೋದರರ ವಿಮಾನ

ಮತ್ತೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದೆವು. ಮೆಟ್ರೋದಲ್ಲಿ ಮಕ್ಕಳಿಗೆ ಕೇಳಿದ ಪ್ರಶ್ನೆ ಒಂದೇ: ರೈಲಿನ ಮೇಲೆ ತಂತಿ ಇಲ್ಲ, ಹಾಗಾದರೆ ವಿದ್ಯುತ್ ಎಲ್ಲಿಂದ? ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ನೇರ ವಿದ್ಯುತ್ ಹರಿಯುತ್ತದೆ. ಹಳದಿ ಗೆರೆ ದಾಟಬಾರದು, ಹಳಿಗೆ ಇಳಿಯಬಾರದು ಎಂಬ ಸೂಚನೆಯ ಹಿಂದೆ ಭೌತವಿಜ್ಞಾನವೂ ಇದೆ ಎಂದು ಅವರಿಗೆ ಗೊತ್ತಾಯಿತು.

ಊಟ ಕಬ್ಬನ್ ಪಾರ್ಕಿನಲ್ಲಿ. ಅಲ್ಲಿ ಪ್ರಶ್ನೆಯೂ ಇಲ್ಲ, ಹಗ್ಗವೂ ಇಲ್ಲ. ಪ್ರವಾಸದ ಪ್ರತಿ ನಿಮಿಷವನ್ನೂ ಪಾಠ ಮಾಡಬಾರದು.

ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು 1962ರ ಜುಲೈ 14ರಂದು ಪ್ರಧಾನಿ ನೆಹರೂ ಉದ್ಘಾಟಿಸಿದರು. ಅಲ್ಲಿ ಒತ್ತಿ, ತಿರುಗಿಸಿ ನೋಡುವ ಮಾದರಿಗಳು ಬಹಳ. ಎಲ್ಲ ಗುಂಡಿಗಳನ್ನೂ ಒತ್ತಿ ಓಡುವುದು ಮಕ್ಕಳ ಸಹಜ ಗುಣ. ಮೊದಲ ಅರ್ಧ ಗಂಟೆ ಓಡಲು ಬಿಟ್ಟು, ನಂತರ ರೈಟ್ ಸೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯ ಮುಂದೆ ಕೂರಿಸಿದೆ. 1903ರ ಡಿಸೆಂಬರ್ 17ರ ಮೊದಲ ಹಾರಾಟ 12 ಸೆಕೆಂಡಿನದು, ಕ್ರಮಿಸಿದ ದೂರ ಸುಮಾರು 37 ಮೀಟರ್. ನಮ್ಮ ಹಗ್ಗಕ್ಕಿಂತ ಸ್ವಲ್ಪವೇ ಹೆಚ್ಚು! ಸರಾಸರಿ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 3 ಮೀಟರ್. ಒಂಬತ್ತನೇ ತರಗತಿಯ ಹುಡುಗಿ ತಕ್ಷಣ, "ನಾನೇ ಇದಕ್ಕಿಂತ ಜೋರಾಗಿ ಓಡ್ತೀನಿ. ಹಾಗಾದ್ರೆ ಅದು ಹಾರಿದ್ದು ಹೇಗೆ?" ಎಂದಳು. ಆ ದಿನ ಗಂಟೆಗೆ 30 ಕಿ.ಮೀ.ಗೂ ಹೆಚ್ಚಿನ ಎದುರುಗಾಳಿ ಇತ್ತು. ನೆಲಕ್ಕೆ ಹೋಲಿಸಿದರೆ ವಿಮಾನ ನಿಧಾನ, ಗಾಳಿಗೆ ಹೋಲಿಸಿದರೆ ವೇಗ. ರೆಕ್ಕೆಯನ್ನು ಎತ್ತುವುದು ಗಾಳಿಗೆ ಸಾಪೇಕ್ಷವಾದ ವೇಗ. ಚಲನೆಯ ಪಾಠದಲ್ಲಿ ಬಸ್ಸು ಮತ್ತು ಮರದ ಉದಾಹರಣೆ ಕೊಟ್ಟಾಗ ಇಂತಹ ಪ್ರಶ್ನೆ ನನಗೆ ಬಂದಿರಲಿಲ್ಲ.

ತರಗತಿಗೆ ತರುವ ಬಗೆ

ವಿಧಾನಸೌಧವನ್ನು ಬಿಟ್ಟರೆ ಪೋಷಕರು ಒಪ್ಪುತ್ತಾರೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಅದು ಎರಡು ಸ್ಥಳಗಳ ನಡುವಿನ ದಾರಿಯಲ್ಲೇ ಸಿಗುತ್ತದೆ. ಇಳಿದು ಫೋಟೋ ತೆಗೆಸಿಕೊಂಡು ಬರಬಹುದು. ನೋಡುವ ಸ್ಥಳ ಹಲವಿರಲಿ, ನಿಲ್ಲುವ ಸ್ಥಳ ಎರಡೇ ಇರಲಿ ಎಂಬುದು ನನ್ನ ಸಲಹೆ. ಮಾರ್ಗದರ್ಶಕ ಶಿಕ್ಷಕರ ಮುಂದೆ ನಾನಿಟ್ಟ ಯೋಜನೆ ಹೀಗಿದೆ:

1. ಪ್ರವಾಸಕ್ಕೆ ಮೊದಲು: 38 ಮಕ್ಕಳೂ ಸೇರಿ ಮೈದಾನದಲ್ಲಿ ಹಗ್ಗ ಅಳೆದು, ಮೀಟರಿಗೊಂದು ಬಣ್ಣದ ದಾರ ಕಟ್ಟುವುದು. ಬರಲಾಗದ 12 ಮಕ್ಕಳು ತಲಾ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಡುವುದು.

2. ಸ್ಥಳದಲ್ಲಿ: ಐದಾರು ಮಕ್ಕಳ ಗುಂಪುಗಳು. ಪ್ರತಿ ಗುಂಪಿಗೆ ಎರಡು ಮೂರು ಚೀಟಿ. ಉತ್ತರವನ್ನು ನೋಡಿ, ಅಳೆದು, ಚಿತ್ರ ಬರೆದು ತರಬೇಕು. ಫಲಕದಿಂದ ನಕಲು ಮಾಡುವಂತಿಲ್ಲ.

3. ಮರಳಿದ ಮೇಲೆ: ಮೈದಾನದಲ್ಲಿ ಮತ್ತೆ ಹಗ್ಗ ಹಾಸಿ, ಹೋಗಿ ಬಂದವರು ಉಳಿದವರಿಗೆ ಕಲಿಸುವುದು. 37 ಮೀಟರ್ ಗುರುತು ಹಾಕಿ ಎಲ್ಲರೂ ಓಡಿ, ತಮ್ಮ ವೇಗವನ್ನು ಆ ವಿಮಾನದ ವೇಗದೊಂದಿಗೆ ಹೋಲಿಸುವುದು.

ಮೌಲ್ಯಮಾಪನದಲ್ಲಿ ಪ್ರವಾಸದ ವರದಿಗೆ ಅಂಕವಿಲ್ಲ. ತಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದು ಆ 12 ಮಕ್ಕಳು ಹೇಳುತ್ತಾರೆ. ಅವರು ಹೌದು ಎಂದರೆ ಪ್ರವಾಸ ಸಫಲ.